ತೊಟ್ಟಿಮನೆಯ ಕಂಬ ಟೀ ಟೇಬಲ್ಲಿನ ಕಾಲಲ್ಲ

ತುಂಬ ದಿನವಾಗಿತ್ತು ಇಲ್ಲಿ ಏನೂ ಬರೆಯದೆ. ಬರೆಯೋಕೆ ವಿಷಯ ಇರಲಿಲ್ಲ ಅಂತಲ್ಲ, ಶುದ್ಧ ಸೋಮಾರಿತನ. ಈಗ ಬರೆಯುತ್ತಿರುವುದು ಸಿಟ್ಟು ಬಂದಿರುವುದರಿಂದ. ಸಿಟ್ಟಿನಲ್ಲಿ ಬರೆದದ್ದನ್ನು ಒಂದು ರಾತ್ರಿ ಇಟ್ಟು, ಬೆಳಿಗ್ಗೆ ಎದ್ದು ಓದಿ, ಆಮೇಲೆ ಪಬ್ಲಿಶ್ ಒತ್ತಬೇಕು ಅಂತ ಬ್ಲಾಗ್ ಗೆಳೆಯರೊಬ್ಬರು ಹಿಂದೆ ಬುದ್ಧಿ ಹೇಳಿದ್ದರು. ಎರಡು ರಾತ್ರಿ ಇಟ್ಟಿದ್ದೇನೆ. ಸಿಟ್ಟು ಇಳಿದಿಲ್ಲ. ಹಾಗಾಗಿ ಓದಿ.

ಕಳೆದ ತಿಂಗಳು ಗೆಳೆಯರೊಬ್ಬರ ಹುಟ್ಟುಹಬ್ಬಕ್ಕೆ ಬೆಂಗಳೂರಿನ ಒಂದು ಹೋಟೆಲ್ಲಿಗೆ ಹೋಗಿದ್ದೆವು. ಹೆಸರು ಬೇಡ ಬಿಡಿ, ಅಂಥವು ಈಗ ಬೀದಿಗೊಂದಿವೆ. 'ಹಳ್ಳಿ ಸೊಗಡು' ಮಾರುವ ಜಾಗ. ಹಿತ್ತಾಳೆ ಲೋಟ, ಗೋಡೆಗೆ ಒರಗಿಸಿದ ಒನಕೆ, ಮೂಲೆಯಲ್ಲಿ ಬೀಸುವ ಕಲ್ಲು. ನಾವು ಕೂತ ಟೇಬಲ್ಲಿನ ಮೇಲೆ ದಪ್ಪ ಗಾಜು, ಗಾಜಿನ ಕೆಳಗೆ ನೋಡಿದರೆ ಒಂದು ಬಾಗಿಲು! ಚೌಕಟ್ಟಿನ ಸಮೇತ. ಮೇಲ್ಪಟ್ಟಿಯಲ್ಲಿ ಗಜಲಕ್ಷ್ಮಿ. ಎರಡು ಆನೆಗಳು ಸೊಂಡಿಲೆತ್ತಿ ದೇವಿಯ ಮೇಲೆ ನೀರು ಹೊಯ್ಯುತ್ತಿವೆ, ಸರಿಯಾಗಿ ಅದರ ಮೇಲೆ ನಮ್ಮ ಸಾರಿನ ಬಟ್ಟಲು. ಟೇಬಲ್ಲಿನ ಕಾಲುಗಳು ಯಾವುವು ಅಂತ ಬಗ್ಗಿ ನೋಡಿದೆ. ತೊಟ್ಟಿಮನೆಯ ಕಂಬಗಳನ್ನು ಮಂಡಿಯುದ್ದಕ್ಕೆ ಕುಯ್ದ ತುಂಡುಗಳು. ಒಂದು ತುಂಡಿನ ಪಕ್ಕದಲ್ಲಿ, ತುದಿಗೆ ಹತ್ತಿರವಾಗಿ, ಉಳಿಯಿಂದ ಕೊರೆದ ಮೂರು ಸಣ್ಣ ಗೀಟು. ಅದೇನು ಅಂತ ಆಗ ತಿಳಿಯಲಿಲ್ಲ.

"ಡೆಕೋರೇಶನ್ನು ಎಷ್ಟು ಚೆನ್ನಾಗಿದೆ ಅಲ್ವಾ" ಅಂದರು ಜೊತೆಗಿದ್ದವರು.

ಅಲ್ಲಿಂದ ಶುರುವಾಯಿತು ನೋಡಿ ನನ್ನ ತಲೆಬಿಸಿ. ಆ ಒಂದು ಮಾತೇ ಇವತ್ತಿನ ನನ್ನ ಜಗಳ. ಡೆಕೋರೇಶನ್ನು. ಅಲಂಕಾರ. ತೊಟ್ಟಿಮನೆಯಲ್ಲಿ ಅಲಂಕಾರ ಅಂತ ಕಳಚಿ ಒಯ್ಯಬಹುದಾದ ವಸ್ತು ಒಂದೂ ಇಲ್ಲ ಅನ್ನುವುದು ನನ್ನ ವಾದ. ಅಲ್ಲಿ ಚಂದ ಕಾಣುವುದೆಲ್ಲ ಕೆಲಸ ಮಾಡುತ್ತಿರುತ್ತದೆ. ಕೆಲಸದಿಂದ ಬಿಡಿಸಿ ಚಂದವನ್ನಷ್ಟೇ ಕೊಂಡೊಯ್ಯುವವರು ಮನೆ ಉಳಿಸುತ್ತಿಲ್ಲ, ಮನೆ ಬೀಳಿಸಲು ದುಡ್ಡು ಕೊಡುತ್ತಿದ್ದಾರೆ.

ಇದು ಬರೀ ಹೋಟೆಲ್ಲಿನ ಕಥೆಯಾಗಿದ್ದರೆ ಬರೆಯುತ್ತಿರಲಿಲ್ಲ. ವಾರ ಕಳೆದು ಊರಿಗೆ ಹೋದೆ. ನಮ್ಮದು ಕೃಷ್ಣರಾಜನಗರ ತಾಲ್ಲೂಕು, ಸಾಲಿಗ್ರಾಮದ ಕಡೆ ಒಂದು ಹಳ್ಳಿ. ಅಪ್ಪ ಮತ್ತು ಚಿಕ್ಕಪ್ಪ ಪಾಲಾಗಿ ಎಷ್ಟೋ ವರ್ಷವಾಯಿತು. ತೊಟ್ಟಿಯ ನಡುವೆ ಎದೆಮಟ್ಟದ ಇಟ್ಟಿಗೆ ಗೋಡೆ ಎದ್ದಿದೆ, ಅರ್ಧ ತೊಟ್ಟಿ ನಮಗೆ, ಅರ್ಧ ಅವರಿಗೆ. ಮುಂಬಾಗಿಲು ಚಿಕ್ಕಪ್ಪನ ಪಾಲಿಗೆ ಬಂದಿದೆ. ಅವರು ತಮ್ಮ ಅರ್ಧವನ್ನು ಕೆಡವಿ ಆರ್‌ಸಿಸಿ ಹಾಕಿಸುವುದು ಅಂತ ಆಗಿದೆ. ನಾನು ಹೋದ ದಿನವೇ ಜಗಲಿಯ ಮೇಲೆ ಒಬ್ಬ ವ್ಯಾಪಾರಿ ಕೂತು ಕಾಫಿ ಕುಡಿಯುತ್ತಿದ್ದ. ಬಾಗಿಲಿಗೆ ಒಂದು ರೇಟು, ಕಂಬಕ್ಕೆ ಜೋಡಿಗಿಷ್ಟು, ಬೋದಿಗೆ ಇದ್ದರೆ ಬೇರೆ, ಮಿಕ್ಕ ತೊಲೆ ಜಂತೆ ಎಲ್ಲ ಸೌದೆ ಲೆಕ್ಕ. ಮಂಗಳೂರು ಹೆಂಚು ಬೇಡವಂತೆ.

ಕುರಿಯನ್ನು ತೊಡೆ, ತಲೆ, ಕಾಲು ಅಂತ ಬಿಡಿಬಿಡಿಯಾಗಿ ಮಾರಿದ ಹಾಗಾಯಿತು. ಒಂದೇ ವ್ಯತ್ಯಾಸ, ಕುರಿಯಾದರೆ ಯಾರ ಹೊಟ್ಟೆಯಾದರೂ ತುಂಬುತ್ತದೆ.

ಸರಿ, ಮೊದಲು ಮನೆ ನೋಡೋಣ ಬನ್ನಿ. ನಿಮ್ಮಲ್ಲಿ ಎಷ್ಟೋ ಜನ ಅಜ್ಜಿ ಮನೆಯ ತೊಟ್ಟಿ, ತೊಟ್ಟಿಯ ಮಳೆ, ಮಳೆಯಲ್ಲಿ ಕಾಗದದ ದೋಣಿ ಅಂತ ಬರೆದಿದ್ದೀರಿ. ನಾನೂ ಬರೆದಿದ್ದೆ, ಕಮೆಂಟುಗಳೂ ಚೆನ್ನಾಗಿ ಬಂದಿದ್ದವು :-) ಆದರೆ ಆ ಪೋಸ್ಟುಗಳಲ್ಲಿ ಯಾವುದರಲ್ಲಿಯೂ ಮಳೆನೀರು ಆ ತೊಟ್ಟಿಗೆ ಹೇಗೆ ಬರುತ್ತಿತ್ತು, ಬಂದು ಎಲ್ಲಿಗೆ ಹೋಗುತ್ತಿತ್ತು ಅಂತ ನಾವು ಯಾರೂ ಬರೆಯಲಿಲ್ಲ. ಕಾಗದದ ದೋಣಿ ತೇಲಿದ್ದಷ್ಟೇ ನೆನಪು.

ಮುಂಬಾಗಿಲಿನಿಂದ ಶುರು ಮಾಡುತ್ತೇನೆ. ಎತ್ತರ ಕಡಿಮೆ, ಬಗ್ಗಿಯೇ ಹೋಗಬೇಕು. ಹೊಸಿಲು ಎತ್ತರ, ಕಾಲೆತ್ತಿಯೇ ದಾಟಬೇಕು. ಹೊಸಿಲಿಗೆ ಅರಿಶಿನ ಕುಂಕುಮ, ಮುಂದೆ ರಂಗೋಲಿ. ಪೂಜೆಗೆ ಅಂತ ನಾವು ತಿಳಿದದ್ದು. ಸರಿಯೇ. ಆದರೆ ಆ ಹೊಸಿಲು ಇನ್ನೂ ಎರಡು ಕೆಲಸ ಮಾಡುತ್ತದೆ. ಬಾಗಿಲುವಾಡದ ಎರಡು ನಿಲುವುಗಳನ್ನು ಕೆಳಗಡೆ ಜಗ್ಗದ ಹಾಗೆ ಹಿಡಿದಿಡುವುದು ಅದು. ಬೀದಿಯಲ್ಲಿ ಮಳೆನೀರು ಹರಿದಾಗ, ರಾತ್ರಿ ಹೊತ್ತು ಹಾವು ಹುಳು ಬಂದಾಗ, ಒಳಕ್ಕೆ ಬಿಡದಿರುವುದೂ ಅದೇ. ಬಾಗಿಲ ಮೇಲಿನ ಉಬ್ಬು ಗುಬ್ಬಿಗಳು? ಹಲಗೆಗಳನ್ನು ಹಿಂದಿನ ಅಡ್ಡಪಟ್ಟಿಗೆ ಬಿಗಿದ ಮೊಳೆಗಳ ತಲೆ ಅವು. ಸಾಲಾಗಿ ಹೊಡೆದರೆ ಬಿಗಿಯೂ ಆಯಿತು, ಚಂದವೂ ಆಯಿತು. ಗಜಲಕ್ಷ್ಮಿ ಇರುವ ಪಟ್ಟಿಯನ್ನೇ ನೋಡಿ. ಬಾಗಿಲ ಮೇಲಿನ ಗೋಡೆಯ ಭಾರ ಹೊತ್ತಿರುವ ದಪ್ಪ ಮರ ಅದು. ಭಾರ ಹೊರಬೇಕಾದ ಮರಕ್ಕೆ ದಪ್ಪ ಬೇಕು, ದಪ್ಪ ಇದ್ದಲ್ಲಿ ಆಚಾರಿಗೆ ಕೆತ್ತಲು ಜಾಗ ಸಿಗುತ್ತದೆ. ತೆಳ್ಳಗಿನ ಹಲಗೆಯ ಮೇಲೆ ಆನೆ ಬರುವುದಿಲ್ಲ.

ಒಳಗೆ ಬಂದರೆ ಪಡಸಾಲೆ, ಅದನ್ನು ದಾಟಿದರೆ ತೊಟ್ಟಿ. ಸುತ್ತ ಕಂಬಗಳು, ನಮ್ಮಲ್ಲಿ ಹನ್ನೆರಡು. ಕಂಬದ ಬುಡ ಮರವಲ್ಲ, ಕಲ್ಲು. ಮರ ನೇರವಾಗಿ ನೆಲ ಮುಟ್ಟಿದರೆ ತೇವ ಎಳೆದುಕೊಳ್ಳುತ್ತದೆ, ಗೆದ್ದಲಿಗೆ ದಾರಿಯಾಗುತ್ತದೆ. ಆ ಕಲ್ಲಿಗೆ ಕಮಲದ ದಳ ಕೆತ್ತಿದ್ದಾರೆ. ಕಂಬದ ಬುಡ ಚೌಕ, ನಡು ಎಂಟು ಮೂಲೆ, ತಲೆ ಮತ್ತೆ ಚೌಕ. ಯಾಕೆ ಎಲ್ಲ ಕಡೆ ಒಂದೇ ಥರ ಕೆತ್ತಲಿಲ್ಲ? ಬೆಸುಗೆ ಕೂರುವುದು ಚೌಕದಲ್ಲಿ, ಅಲ್ಲಿ ಮರ ಕಡಿಮೆಯಾಗಬಾರದು. ನಡುವಿನಲ್ಲಿ ಬೆಸುಗೆ ಇಲ್ಲ, ಅಲ್ಲಿ ಮೂಲೆ ಸವರಿದರೆ ಮನೆಗೆ ನಷ್ಟವಿಲ್ಲ. ಓಡಾಡುವ ಮಕ್ಕಳ ಹಣೆಗೆ ಲಾಭ.

ಇನ್ನು ಬೋದಿಗೆ. ಕಂಬದ ತಲೆಯ ಮೇಲೆ ಎರಡೂ ಕಡೆಗೆ ಕೈ ಚಾಚಿದಂತೆ ಇರುತ್ತದಲ್ಲ, ತುದಿಯಲ್ಲಿ ಬಾಳೆಮೂತಿಯೋ ಗಿಣಿಯೋ ತೂಗುತ್ತಿರುತ್ತದಲ್ಲ, ಅದು. ಲೆಕ್ಕ ಸುಲಭ. ಎರಡು ಕಂಬದ ನಡುವೆ ಎಂಟು ಅಡಿ ಅಂತಿಟ್ಟುಕೊಳ್ಳಿ. ಎರಡೂ ಬೋದಿಗೆಗಳು ಒಳಕ್ಕೆ ಒಂದೊಂದಡಿ ಚಾಚಿದರೆ ತೊಲೆಗೆ ಆಸರೆಯಿಲ್ಲದ ಉದ್ದ ಉಳಿಯುವುದು ಆರೇ ಅಡಿ. ತೊಲೆ ಬಗ್ಗುವುದಿಲ್ಲ. ಚಾಚಿದ ಕೈಗೆ ಬುಡದಲ್ಲಿ ಬಲ ಬೇಕು, ತುದಿಗೆ ಅಷ್ಟು ಬೇಡ. ಆದ್ದರಿಂದ ಆಚಾರಿ ತುದಿಯ ಮರವನ್ನು ಕೊರೆದು ಗಿಣಿ ಮಾಡುತ್ತಾನೆ. ಗಿಣಿ ಕೂತಿರುವುದು ಮನೆಗೆ ಬೇಡವಾದ ಮರದಲ್ಲಿ. ಬುಡಕ್ಕೆ ಉಳಿ ಮುಟ್ಟಿಸಿಲ್ಲ. ಇದನ್ನು ನನಗೆ ಹೇಳಿದ್ದು ಊರಿನ ಒಬ್ಬ ಹಿರಿಯ ಆಚಾರಿ, ಅವರು ಒಂದು ದಿನವೂ ಇಂಜಿನಿಯರಿಂಗ್ ಕಾಲೇಜಿನ ಗೇಟು ನೋಡಿದವರಲ್ಲ. ನಾಲ್ಕು ವರ್ಷ ಅಲ್ಲೇ ಕಳೆದ ನನಗೆ ಹೊಳೆದಿರಲಿಲ್ಲ.

ನಾಲ್ಕೂ ಕಡೆಯ ಸೂರು ಒಳಕ್ಕೆ ಇಳಿದು ನೀರನ್ನು ತೊಟ್ಟಿಗೆ ಬಿಡುತ್ತದೆ. ಎರಡು ಸೂರು ಕೂಡುವ ಮೂಲೆಗಳಲ್ಲಿ ತಗಡಿನ ದೋಣಿ, ಅದರ ಬಾಯಿಗೆ ಸಿಂಹದ ಮುಖವೋ ಮೊಸಳೆಯ ಮುಖವೋ ಇರುವುದುಂಟು. ಆ ಬಾಯಿ ಮುಂದಕ್ಕೆ ಚಾಚಿರುವುದು ನೀರು ಕಂಬದ ಬುಡಕ್ಕೆ ಬೀಳದೆ ತೊಟ್ಟಿಯ ನಡುವಿಗೆ ಬೀಳಲಿ ಅಂತ. ತೊಟ್ಟಿಯ ಮೂಲೆಯ ಕಂಡಿಯಿಂದ ನೀರು ಹಿತ್ತಲ ಬಾಳೆಗೆ. ಬಾಗಿಲಲ್ಲಿ ಆನೆ ನೀರು ಹೊಯ್ಯುತ್ತದೆ, ಒಳಗೆ ಸೂರು ನೀರು ಹೊಯ್ಯುತ್ತದೆ. ನೀರು ಬಂದರೆ ಸಿರಿ ಬಂತು ಅನ್ನುವ ಒಂದೇ ಮಾತನ್ನು ಬಾಗಿಲೂ ಹೇಳುತ್ತದೆ, ತೊಟ್ಟಿಯೂ ಹೇಳುತ್ತದೆ.

'ನಿಮ್ಮೂರು ಅಂತ ಹೊಗಳ್ತಿದೀಯ' ಅಂತೀರೇನೋ. ಇಲ್ಲ. ಕಳೆದ ವರ್ಷ ಆಫೀಸಿನ ಕೆಲಸಕ್ಕೆ ಬೀಜಿಂಗಿಗೆ ಹೋಗಿದ್ದಾಗ ಒಂದು ಭಾನುವಾರ ಅಲ್ಲಿನ ಹಳೆಯ ಓಣಿಗಳಲ್ಲಿ ಸುತ್ತಿದೆ. ಹುಟಾಂಗ್ ಅಂತಾರೆ ಆ ಓಣಿಗಳಿಗೆ. ಓಣಿಯ ಎರಡೂ ಕಡೆ ಅಂಗಳಮನೆಗಳು, ಸಿಹ್‌ಯುವಾನ್. ನಾಲ್ಕು ಕಡೆ ಕಟ್ಟಡ, ನಡುವೆ ಆಕಾಶ. ನಮ್ಮದಕ್ಕಿಂತ ಅಂಗಳ ದೊಡ್ಡದು, ಅಲ್ಲಿ ಚಳಿಗಾಲದ ಬಿಸಿಲು ಬೇಕಲ್ಲ. ಆದರೆ ಬಾಗಿಲ ಮುಂದೆ ನಿಂತಾಗ ನನಗೆ ಊರೇ ನೆನಪಾಯಿತು. ಅದೇ ಎತ್ತರದ ಹೊಸಿಲು. ಬಾಗಿಲಿನ ಎರಡೂ ಕಡೆ ಡೋಲಿನಾಕಾರದ ಕಲ್ಲು, ಮೇಲೆ ಪುಟ್ಟ ಸಿಂಹ, ಬದಿಯಲ್ಲಿ ಹೂಬಳ್ಳಿ. ಎಷ್ಟು ಚಂದದ ಅಲಂಕಾರ ಅಂತ ಫೋಟೋ ಹೊಡೆದೆ. ಆಮೇಲೆ ಒಳಗಡೆಯಿಂದ ನೋಡಿದರೆ ಅದೇ ಕಲ್ಲು ಹೊಸಿಲ ಕೆಳಗಿನಿಂದ ಒಳಕ್ಕೆ ಬಂದಿದೆ, ಒಳಭಾಗದಲ್ಲಿ ಒಂದು ಕುಳಿ ಇದೆ, ಬಾಗಿಲಿನ ತಿರುಗಣಿ ಆ ಕುಳಿಯಲ್ಲಿ ಕೂತಿದೆ! ಭಾರವಾದ ಬಾಗಿಲು ತಿರುಗುವಾಗ ಒಳಗಿನ ತುದಿ ಏಳದಂತೆ ಹೊರಗಿನ ಡೋಲು ಅದುಮಿ ಹಿಡಿದಿದೆ. ಹೊರಗಿನವರಿಗೆ ಅದು ಶಿಲ್ಪ, ಮನೆಯವರಿಗೆ ಕೀಲು.

ಬಾಗಿಲ ಮೇಲೆ ಆರು ಮೂಲೆಯ ಮರದ ಗುಂಡಿಗಳು, ಸಣ್ಣ ಮನೆಗೆ ಎರಡು, ದೊಡ್ಡ ಮನೆಗೆ ನಾಲ್ಕು. ಮುಖದ ಮೇಲೆ ಹೂವೋ, ಶುಭ ಕೋರುವ ಅಕ್ಷರವೋ. ಅವೂ ಬರೀ ಗುಂಡಿಗಳಲ್ಲ. ಹಿಂದೆ ತಿರುಗಣಿಯ ಮೇಲ್ತುದಿಯನ್ನು ಹಿಡಿದ ಅಡ್ಡಮರವನ್ನು ಮುಂದಿನ ಮೇಲ್ಪಟ್ಟಿಗೆ ಬಿಗಿಯುವ ಗೂಟಗಳ ತಲೆ. ನಮ್ಮ ಗುಬ್ಬಿ ಮೊಳೆಯ ಅಣ್ಣ ಅನ್ನಿ. ದಕ್ಷಿಣಕ್ಕೆ, ಆನ್‌ಹುಯಿ ಪ್ರಾಂತದ ಹುಯಿಜೋ ಸೀಮೆಯ ವರ್ತಕರ ಮನೆಗಳಲ್ಲಂತೂ ಅಂಗಳ ನಮ್ಮ ತೊಟ್ಟಿಯಷ್ಟೇ ಕಿರಿದು. ಹೆಸರೇ 'ಆಕಾಶದ ಬಾವಿ'. ನಾಲ್ಕು ಕಡೆಯ ಮಳೆನೀರೂ ಮನೆಯೊಳಗೆ ಬೀಳಬೇಕು, ನೀರೆಂದರೆ ಹಣ, ಅದು ಹೊರಕ್ಕೆ ಹರಿಯಬಾರದು ಅಂತ ಅವರ ನಂಬಿಕೆ. ಸಾವಿರಾರು ಮೈಲಿ ದೂರದಲ್ಲಿ, ಒಬ್ಬರನ್ನೊಬ್ಬರು ನೋಡದ ಆಚಾರಿಗಳು, ಒಂದೇ ತೀರ್ಮಾನಕ್ಕೆ ಬಂದಿದ್ದಾರೆ: ಕೆಲಸ ಮಾಡುವ ಕಡೆಯೇ ಕೆತ್ತು.

ಈಗ ನನ್ನ ವಿರುದ್ಧದ ವಾದಗಳಿಗೆ ಬರುತ್ತೇನೆ. ಅವನ್ನು ಮುಚ್ಚಿಟ್ಟು ಗೆಲ್ಲುವ ಆಸೆ ನನಗಿಲ್ಲ.

ಮೊದಲನೆಯದು ಚಿಕ್ಕಪ್ಪನದೇ. ವ್ಯಾಪಾರಿ ಎದ್ದು ಹೋದ ಮೇಲೆ ನಾನು ಬೋದಿಗೆ, ಗಿಣಿ ಅಂತ ಭಾಷಣ ಬಿಗಿದೆ. ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ಎಲ್ಲಾ ಸರಿ ಕಣಪ್ಪ, ವರ್ಷಾ ವರ್ಷಾ ಹೆಂಚು ಕೈಯಾಡಿಸೋರು ಯಾರು? ನೀನು ಬತ್ತೀಯಾ? ಮಳೆ ಬಂದ್ರೆ ನಡುಮನೇಲಿ ಮೂರು ಕಡೆ ಪಾತ್ರೆ ಇಡ್ತೀವಿ. ಸೊಸೆ ಅಡುಗೆ ಮನೆಯಿಂದ ಬಚ್ಚಲಿಗೆ ನೆಂದ್ಕೊಂಡೇ ಹೋಗ್ಬೇಕು. ನೀನು ಬೆಂಗಳೂರಲ್ಲಿ ಲಿಫ್ಟಿರೋ ಮನೇಲಿ ಕೂತ್ಕೊಂಡು ನಮಗೆ ಹಳೇದ್ರಲ್ಲೇ ಇರಿ ಅಂತೀಯ" ಅಂದರು.

ನನ್ನ ಹತ್ತಿರ ಉತ್ತರವಿರಲಿಲ್ಲ. ಈಗಲೂ ಇಲ್ಲ. ಹಳೆಯ ಮನೆಯಲ್ಲಿ ಇರದವರು ಇರುವವರಿಗೆ ಕೆಡವಬೇಡಿ ಅನ್ನುವುದು ಪುಕ್ಕಟೆ ಉಪದೇಶ. ಆದ್ದರಿಂದ ಗಮನಿಸಿ, ಕೆಡವಬೇಡಿ ಅಂತ ನಾನು ಈ ಪೋಸ್ಟಿನಲ್ಲಿ ಎಲ್ಲೂ ಹೇಳುತ್ತಿಲ್ಲ. ನನ್ನ ಜಗಳ ಕೆಡವುವವರ ಜೊತೆಗಲ್ಲ, ಕೊಳ್ಳುವವರ ಜೊತೆಗೆ.

ಎರಡನೆಯ ವಾದ ಇನ್ನೂ ಗಟ್ಟಿ. ಈ ಮನೆಗಳು ಯಾರಿಗೆ ಚಂದವಾಗಿದ್ದವು? ನಮ್ಮ ಜಗಲಿಯ ಕಲ್ಲಿನ ಮೇಲೆ ಯಾರು ಕೂರಬಹುದಿತ್ತು, ಯಾರು ಕೆಳಗೇ ನಿಲ್ಲಬೇಕಿತ್ತು ಅಂತ ಊರಿಗೆಲ್ಲ ಗೊತ್ತಿತ್ತು. ಹೊಸಿಲ ಆಚೆ ನಿಂತು ಮೇಲಿನಿಂದ ಸುರಿದ ನೀರು ಬೊಗಸೆಯಲ್ಲಿ ಕುಡಿದವರ ಮೊಮ್ಮಕ್ಕಳಿಗೆ ನಮ್ಮ ಹೊಸಿಲಿನ ಕೆತ್ತನೆ ಚಂದ ಕಾಣಬೇಕಿಲ್ಲ. ತಿಂಗಳಿಗೆ ಮೂರು ದಿನ ಹಿತ್ತಲಲ್ಲಿ ಕೂತ ನಮ್ಮಜ್ಜಿಗೂ ತೊಟ್ಟಿ ಬರೀ ಮಳೆಯ ಕವಿತೆ ಆಗಿರಲಿಲ್ಲ. ಚೀನಾದಲ್ಲೂ ಅದೇ. ಅಂಗಳಮನೆಯ ಎರಡನೆಯ ಬಾಗಿಲು ಅತಿ ಸುಂದರ, ನೆಲ ಮುಟ್ಟದ ಗಿಡ್ಡ ಕಂಬಗಳು ಮೇಲಿನಿಂದ ತೂಗುತ್ತಿರುತ್ತವೆ, ತುದಿಯಲ್ಲಿ ಮೊಗ್ಗು. ಆ ಸುಂದರ ಬಾಗಿಲನ್ನು ದಾಟಿ ಮನೆಯ ಹೆಣ್ಣುಮಕ್ಕಳು ಹೊರಗೆ ಬರುವಂತಿರಲಿಲ್ಲ. ಯಾರ ಮನೆ ಎಷ್ಟು ಅಂಕಣ ಇರಬೇಕು, ಯಾರು ಬಣ್ಣ ಬಳಿಯಬಹುದು ಅಂತ ಮಿಂಗ್ ದೊರೆಗಳ ಕಾಲದಲ್ಲಿ ಕಾನೂನೇ ಇತ್ತು. ಸಾಮಾನ್ಯರಿಗೆ ಮೂರು ಅಂಕಣ, ಬಣ್ಣವಿಲ್ಲ. ಅರಮನೆಯ ದೊಡ್ಡ ಬಾಗಿಲಿಗೆ ಒಂಬತ್ತು ಸಾಲು, ಸಾಲಿಗೆ ಒಂಬತ್ತು, ಒಟ್ಟು ೮೧ ಗುಬ್ಬಿ.

ಅಂದರೆ ಈ ಅಲಂಕಾರಕ್ಕೆ ಇನ್ನೊಂದು ಕೆಲಸವೂ ಇತ್ತು, ಯಾರು ಎಲ್ಲಿ ನಿಲ್ಲಬೇಕು ಅಂತ ಹೇಳುವುದು. ಇದನ್ನು ನಾನು ಒಪ್ಪುತ್ತೇನೆ. ಒಪ್ಪುವುದರಿಂದ ನನ್ನ ವಾದ ಬಿಗಿಯಾಗುತ್ತದೆಯೇ ಹೊರತು ಸಡಿಲವಾಗುವುದಿಲ್ಲ. ಹೊಸಿಲು ಮನೆಯಲ್ಲಿ ಇರುವಾಗ 'ನಮ್ಮ ತಾತನನ್ನು ನಿಲ್ಲಿಸಿದ ಹೊಸಿಲು ಇದು' ಅಂತ ಬೆರಳು ತೋರಿಸಬಹುದು. ಅದೇ ಮರ ಹೋಟೆಲ್ಲಿನ ಬೆಂಚಾದರೆ ಅವಮಾನವೂ ಅಳಿಸಿಹೋಯಿತು, ಆಚಾರಿಯ ಬುದ್ಧಿಯೂ ಅಳಿಸಿಹೋಯಿತು. ಉಳಿದದ್ದು ಸೊಗಡು. ಯಾರಿಗೂ ನೋವಾಗದ, ಯಾರ ಊರಿನದೂ ಅಲ್ಲದ ಸೊಗಡು. ಪ್ಲೇಟಿಗಿಷ್ಟು ಅಂತ ಮಾರಲು ಅದೇ ಅನುಕೂಲ.

ಮೂರನೆಯ ವಾದ ಕೊಳ್ಳುವವರದು. "ನಾವು ಕೊಳ್ಳದಿದ್ದರೆ ಸೌದೆ ಆಗ್ತಿತ್ತು, ನಾವು ಉಳಿಸಿದೀವಿ". ಬಹಳ ಕೇಳಿದ್ದೇನೆ ಇದನ್ನು. ನಮ್ಮ ಹನ್ನೆರಡು ಕಂಬಕ್ಕೆ ಒಳ್ಳೆ ರೇಟು ಸಿಗುತ್ತದೆ ಅಂತ ಗೊತ್ತಾದ ಮೇಲೆ ತಾನೇ ಚಿಕ್ಕಪ್ಪ ಗುತ್ತಿಗೆದಾರರನ್ನು ಕರೆಸಿದ್ದು? ಕಂಬದ ದುಡ್ಡು ಹೊಸ ಮನೆಯ ಪಾಯಕ್ಕಾಗುತ್ತದೆ. ಸೋರುವ ಸೂರನ್ನು ರಿಪೇರಿ ಮಾಡಿಸಲು ಯಾರೂ ದುಡ್ಡು ಕೊಡುವುದಿಲ್ಲ, ಕೆಡವಿದರೆ ಕೊಡುತ್ತಾರೆ. ನಿಂತ ಮನೆಗೆ ಬೆಲೆಯಿಲ್ಲ, ಬಿಚ್ಚಿದ ಮನೆಗೆ ಬೆಲೆ. ಇದಕ್ಕೆ ಉಳಿಸುವುದು ಅಂತಾರಾ?

ಕಾನೂನಿಗೂ ಕಣ್ಣಿರುವುದು ಬಿಚ್ಚಿದ ಮೇಲೆಯೇ. ೧೯೭೨ರ ಪುರಾತನ ವಸ್ತುಗಳು ಮತ್ತು ಕಲಾನಿಧಿಗಳ ಕಾಯ್ದೆಯ ಪ್ರಕಾರ, ಕಟ್ಟಡದಿಂದ ಕಳಚಿದ ವಸ್ತು ನೂರು ವರ್ಷ ದಾಟಿದ್ದರೆ ಅದೂ ಪುರಾತನ ವಸ್ತು. ಅದರ ವ್ಯಾಪಾರಕ್ಕೆ ಲೈಸೆನ್ಸು ಬೇಕು, ಖಾಸಗಿಯವರು ದೇಶದಿಂದ ಹೊರಕ್ಕೆ ಸಾಗಿಸುವಂತಿಲ್ಲ. ಒಳ್ಳೆಯದೇ. ಆದರೆ ಅದೇ ಕಂಬ ಊರಿನ ಒಂದು ಮಾಮೂಲಿ ಮನೆಯಲ್ಲಿ ಸೂರು ಹೊತ್ತು ನಿಂತಿರುವಾಗ, ಆ ಮನೆ ಸಂರಕ್ಷಿತ ಸ್ಮಾರಕವಲ್ಲವಾದ್ದರಿಂದ, ಅದನ್ನು ವಿಚಾರಿಸುವವರು ಯಾರೂ ಇಲ್ಲ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ನಮ್ಮ ತಾಲ್ಲೂಕು, ಎಲ್ಲ ಕಡೆ ಊರೊಳಗಿನ ದೊಡ್ಡ ಬೀದಿಯಲ್ಲಿ ನಡೆದು ನೋಡಿ. ದೇವಸ್ಥಾನಕ್ಕೆ ಇಲಾಖೆಯ ಬೋರ್ಡಿದ್ದರೂ ಇರಬಹುದು, ಮನೆಗಳಿಗೆ ಇಲ್ಲ.

'ಹಾಗಾದರೆ ಕದಲಿಸಲೇಬಾರದಾ?' ಅಂತ ಕೇಳಬಹುದು. ಕದಲಿಸಬಹುದು. ನಮ್ಮ ತಾಲ್ಲೂಕಿಗೆ ಕದಲುವುದು ಹೊಸತೇನಲ್ಲ. ನಮ್ಮ ಪಟ್ಟಣ ಮೊದಲು ಎಡತೊರೆ, ಕಾವೇರಿಯ ದಡದಲ್ಲಿತ್ತು, ಅರ್ಕೇಶ್ವರ ದೇವಸ್ಥಾನ ಈಗಲೂ ಅಲ್ಲೇ ಇದೆ. ಹೊಳೆಯ ಪ್ರವಾಹದ ಕಾಟಕ್ಕೆ ೧೯೨೦ರ ದಶಕದಲ್ಲಿ ಹೊಸ ಪಟ್ಟಣ ಕಟ್ಟಿದರು, ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿಟ್ಟರು. ನಮ್ಮ ಮನೆಯ ಮುಂಬಾಗಿಲು ಮೂಲದಲ್ಲಿ ಎಡತೊರೆಯ ಒಂದು ಮನೆಯದು, ಆ ಸಮಯದಲ್ಲಿ ಎತ್ತಿನ ಗಾಡಿಯ ಮೇಲೆ ಬಂತು ಅಂತ ನಮ್ಮ ತಾತ ಹೇಳುತ್ತಿದ್ದರು. ಚಿಕ್ಕಪ್ಪ ಅದನ್ನೂ ನನ್ನ ಮೇಲೆ ಪ್ರಯೋಗಿಸಿದರು: "ಆ ಬಾಗಿಲೇ ವಲಸೆ ಬಂದಿರೋದು, ಇನ್ನೊಂದ್ಸಲ ಹೋದ್ರೆ ಏನೀಗ?"

ವ್ಯತ್ಯಾಸ ಇದೆ ಚಿಕ್ಕಪ್ಪ. ಗಾಡಿಯ ಮೇಲೆ ಬಂದದ್ದು ಬಾಗಿಲಾಗಿಯೇ ಬಂತು, ಬಂದು ಬಾಗಿಲಾಗಿಯೇ ನಿಂತಿತು. ಆನೆಗಳ ಕೆಳಗೆ ಮತ್ತೆ ಜನ ತಲೆ ಬಗ್ಗಿಸಿ ಒಳಗೆ ಬಂದರು.

ಇಡೀ ಮನೆಯನ್ನೇ ಕದಲಿಸಿದವರೂ ಇದ್ದಾರೆ. ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ನೋಡಿದ್ದೀರಾ? ೨೦೧೭ರಲ್ಲಿ ತೀರಿಕೊಂಡ ವಿಜಯನಾಥ ಶೆಣೈ ಅವರು ಬೀಳಲಿದ್ದ ಮನೆಗಳನ್ನು ಜೋಪಾನವಾಗಿ ಬಿಚ್ಚಿ ತಂದು ಅಲ್ಲಿ ಮತ್ತೆ ಕಟ್ಟಿಸಿದರು. ಹುಯಿಜೋ ಸೀಮೆಯ ಹುವಾಂಗ್ ವಂಶದ ಒಂದು ಅಂಗಳಮನೆ, ಹೆಸರು ಯಿನ್ ಯು ಟಾಂಗ್, ಸುಮಾರು ೧೮೦೦ರ ಕಾಲದ್ದು. ೧೯೮೦ರ ದಶಕದಲ್ಲಿ ಅದರಲ್ಲಿ ವಾಸ ನಿಂತುಹೋಗಿತ್ತು. ಅದನ್ನು ಬಿಚ್ಚಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸೇಲಂ ಊರಿನ ಪೀಬಡಿ ಎಸೆಕ್ಸ್ ಮ್ಯೂಸಿಯಂನಲ್ಲಿ ಮತ್ತೆ ನಿಲ್ಲಿಸಿ ೨೦೦೩ರಲ್ಲಿ ಜನರಿಗೆ ತೆರೆದರು. ಚೀನಾದ ಮನೆ ಅಮೆರಿಕದಲ್ಲಿ ಯಾಕೆ ಅಂತ ಜಗಳ ಮಾಡಬಹುದು, ಮಾಡೋಣ. ಆದರೆ ಅಲ್ಲಿ ಬೋದಿಗೆ ತೊಲೆಯ ಕೆಳಗಿದೆ, ತೊಲೆ ಸೂರಿನ ಕೆಳಗಿದೆ. ಆಕಾಶದ ಬಾವಿಗೆ ಸೇಲಂನ ಮಳೆ ಬೀಳುತ್ತದೆ. ನಮ್ಮ ಹೋಟೆಲ್ಲಿನ ಬಾಗಿಲ ಮೇಲೆ ಬೀಳುವುದು ಸಾರು.

ಎಲ್ಲ ಮನೆಯನ್ನೂ ಹಾಗೆ ಮ್ಯೂಸಿಯಂಗೆ ಒಯ್ಯಲಾಗದು. ಬೀಳುವುದು ಬೀಳುತ್ತದೆ. ಅದಕ್ಕೇ ಇನ್ನೊಂದು ಕಥೆ ಹೇಳಬೇಕು. ಲಿಯಾಂಗ್ ಸಿಚೆಂಗ್ ಮತ್ತು ಲಿನ್ ಹುಯ್ಯಿನ್ ಅಂತ ಗಂಡ ಹೆಂಡತಿ, ಇಬ್ಬರೂ ಚೀನಾದ ವಾಸ್ತುಶಿಲ್ಪಿಗಳು. ೧೯೩೦ರ ದಶಕದಲ್ಲಿ ಊರೂರು ಸುತ್ತಿ ಹಳೆಯ ಕಟ್ಟಡಗಳ ಸೂರಿಗೆ ಹತ್ತಿ, ಟೇಪು ಹಿಡಿದು, ಒಂದೊಂದು ಬೋದಿಗೆಯನ್ನೂ ಅಳೆದು ಚಿತ್ರ ಬರೆದವರು. ಆ ದಶಕದಲ್ಲಿ ಅವರಿದ್ದ ಬೀಜಿಂಗಿನ ಅಂಗಳಮನೆಯನ್ನು ೨೦೧೨ರ ಜನವರಿಯಲ್ಲಿ ಕೆಡವಿಬಿಟ್ಟರು. ದೊಡ್ಡ ಗಲಾಟೆಯಾಯಿತು, ಮನೆ ವಾಪಸು ಬರಲಿಲ್ಲ. ಅವರು ಬರೆದ ಚಿತ್ರಗಳು ಮಾತ್ರ ಉಳಿದಿವೆ, ಇವತ್ತಿಗೂ ಅದನ್ನು ಓದಿ ಆ ಕಟ್ಟಡಗಳು ಹೇಗೆ ನಿಂತಿದ್ದವು ಅಂತ ತಿಳಿಯಬಹುದು.

ನಾನೂ ಒಂದು ಟೇಪು ಕೊಂಡೆ. ಚಿಕ್ಕಪ್ಪನ ಹತ್ತಿರ ಒಂದು ವಾರ ಕೇಳಿಕೊಂಡೆ, "ಅಳ್ಕೋ, ಅಳತೆಗೇನೂ ದುಡ್ಡಿಲ್ಲ" ಅಂದರು. ರಜೆ ಹಾಕಿ ಏಣಿ ಹತ್ತಿದೆ. ಆ ಹಿರಿಯ ಆಚಾರಿ ಕೆಳಗೆ ಕೂತು ಒಂದೊಂದರ ಹೆಸರು ಹೇಳಿದರು, ಬರೆದುಕೊಂಡೆ. ಈಶಾನ್ಯದ ಕಂಬದ ತಲೆಯ ಧೂಳು ಒರೆಸಿದಾಗ ಕಂಡಿತು: ಉಳಿಯಲ್ಲಿ ಕೊರೆದ ಒಂದು ಗೀಟು. ಅದರ ಬೋದಿಗೆಯ ಮೇಲೂ ಒಂದು ಗೀಟು. ಪಕ್ಕದ ಕಂಬಕ್ಕೆ ಎರಡು, ಅದರ ಬೋದಿಗೆಗೂ ಎರಡು. ಪ್ರದಕ್ಷಿಣೆ ಬಂದರೆ ಹನ್ನೆರಡಕ್ಕೂ ಲೆಕ್ಕವಿದೆ. ನೆಲದ ಮೇಲೆ ಕೂತು ಕೆತ್ತಿದ ಮರಗಳನ್ನು ಮೇಲೇರಿಸುವಾಗ ಯಾವುದು ಯಾವುದರ ಜೋಡಿ ಅಂತ ತಿಳಿಯಲು ಹಾಕಿಕೊಂಡ ಗುರುತು. ಚೀನಾದ ಬಡಗಿಗಳೂ ಹೀಗೇ ಪ್ರತಿ ಮರದ ಮೇಲೂ ಅದರ ಜಾಗವನ್ನು ಮಸಿಯಲ್ಲಿ ಬರೆಯುತ್ತಿದ್ದರಂತೆ.

ಹೋಟೆಲ್ಲಿನ ಟೇಬಲ್ಲಿನ ಕಾಲು ಯಾವುದೋ ಊರಿನ, ಯಾವುದೋ ತೊಟ್ಟಿಯ ಮೂರನೆಯ ಕಂಬ. ಒಂದು, ಎರಡು, ನಾಲ್ಕು ಎಲ್ಲಿ ಹೋದವೋ.

ಕೊನೆಗೆ ನಾನು ಕೇಳುವುದು ಇಷ್ಟು, ಸರ್ಕಾರಕ್ಕಲ್ಲ, ಇದನ್ನು ಓದುವ ನಿಮಗೇ. ಕಳಚಿದ ಕಂಬ, ಬಾಗಿಲು, ಬೋದಿಗೆ ಕೊಳ್ಳಬೇಡಿ, ಎಷ್ಟೇ ಅಗ್ಗವಾದರೂ. ಅದರ ಮೇಲೆ ಊಟ ಹಾಕುವ ಜಾಗದ ಫೋಟೋವನ್ನು 'ನಮ್ಮ ಸಂಸ್ಕೃತಿ' ಅಂತ ಹಾಕಿ ಪ್ರಚಾರ ಕೊಡಬೇಡಿ. ನಿಮ್ಮ ಮನೆ ಬೀಳುವುದಿದ್ದರೆ ಬೀಳಿಸಿ, ನಿಮ್ಮ ಕಷ್ಟ ನಿಮಗೆ ಗೊತ್ತು. ಆದರೆ ಬೀಳಿಸುವ ಮುನ್ನ ಒಂದು ವಾರ ಅಳೆಯಿರಿ. ಕಂಬ ಎಷ್ಟು, ಅಂತರ ಎಷ್ಟು, ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ, ಯಾವುದಕ್ಕೆ ನಿಮ್ಮೂರಿನಲ್ಲಿ ಏನು ಹೆಸರು, ಹೊಸಿಲ ಆಚೆ ಯಾರನ್ನು ನಿಲ್ಲಿಸುತ್ತಿದ್ದರು, ಎಲ್ಲ ಬರೆಯಿರಿ. ಕಾಗದದ ದೋಣಿಯ ಪೋಸ್ಟು ಸಾಕು. ಆಮೇಲೆ ಬಾಗಿಲನ್ನು ನಿಮ್ಮ ಹೊಸ ಮನೆಗೇ ಬಾಗಿಲಾಗಿ ಇಡಿ.

ನಮ್ಮಲ್ಲಿ ಏನಾಯಿತು ಅಂತ ಕೇಳುತ್ತೀರಿ. ಅರ್ಧ ಗೆದ್ದೆ, ಅಷ್ಟೂ ಅಲ್ಲವೇನೋ. ಬಾಗಿಲು ಚಿಕ್ಕಪ್ಪನ ಹೊಸ ಮನೆಗೇ ಕೂರುತ್ತದೆ. ಅದಕ್ಕೆ ನನ್ನ ಭಾಷಣ ಕಾರಣವಲ್ಲ, ಚಿಕ್ಕಮ್ಮ ಕಾರಣ. "ಲಕ್ಷ್ಮೀನ ಮಾರಿ ಪಾಯ ತೆಗೀತೀರಾ" ಅಂತ ಒಂದೇ ಮಾತು ಕೇಳಿದರು, ಮುಗಿಯಿತು. ಹನ್ನೆರಡರಲ್ಲಿ ಆರು ಕಂಬ ಚಿಕ್ಕಪ್ಪನ ಪಾಲಿನವು. ಅವಕ್ಕೆ ವ್ಯಾಪಾರಿ ಕೊಟ್ಟ ಮುಂಗಡ ಆಗಲೇ ಖರ್ಚಾಗಿದೆ, ಹೋಗುತ್ತವೆ. ಮಿಕ್ಕ ಆರು ನಮ್ಮ ಕಡೆ ಇವೆ. ಅರ್ಧ ತೊಟ್ಟಿಗೆ ಸೂರು ಹೇಗೆ ನಿಲ್ಲಿಸುವುದು ಅಂತ ಆಚಾರಿಯನ್ನು ಕೇಳಿದ್ದೇನೆ, ನೋಡೋಣ ಅಂದಿದ್ದಾರೆ. ಈ ಮಳೆಗಾಲಕ್ಕೆ ಮೊದಲು ಹೆಂಚು ಕೈಯಾಡಿಸಲು ನಾನೇ ಹೋಗುತ್ತೇನೆ ಅಂತ ಅಪ್ಪನಿಗೆ ಮಾತು ಕೊಟ್ಟಿದ್ದೇನೆ. ಇಲ್ಲಿ ಬರೆದಿರುವುದು ತಪ್ಪಿಸಿಕೊಳ್ಳದಿರಲಿ ಅಂತ.

ಅಳತೆ, ಹೆಸರು ಎಲ್ಲ ಮುಂದಿನ ಪೋಸ್ಟಿನಲ್ಲಿ. ಅಷ್ಟರೊಳಗೆ ನಿಮ್ಮ ಕಡೆ ಬೋದಿಗೆಗೆ ಏನಂತಾರೆ, ಸೂರಿನ ಮೂಲೆಯ ದೋಣಿಗೆ ಏನಂತಾರೆ ಅಂತ ಕಮೆಂಟಿನಲ್ಲಿ ಬರೆಯಿರಿ. ಜಗಳ ಆಡುವವರಿಗೂ ಸ್ವಾಗತ. ಜಗಲಿಯ ಮೇಲೆ ಎಲ್ಲರೂ ಕೂರಬಹುದು.